ಬೆಟ್ಟಮ್ಮನನ್ನು ಫೇಲು ಮಾಡುವ ಬಗ್ಗೆ

ಬಾಳೆಕೊಪ್ಪಲಿನ ಹೆಂಗಸರು ಪರೀಕ್ಷೆಯಲ್ಲಿ ಫೇಲಾಗಬೇಕೆಂದು ತೀರ್ಮಾನ ಮಾಡಿದ್ದು ತೊಂಬತ್ತೈದನೇ ಇಸವಿಯ ಡಿಸೆಂಬರಿನಲ್ಲಿ, ಕಾಫಿ ಹಣ್ಣು ಕುಯ್ಯುತ್ತ, ಹಾಡಹಗಲಿನಲ್ಲಿ. ಬೇರೆ ಊರಿನವರು ಹೀಗೆ ಮಾಡಿದ್ದರೆ ಪಾಪ, ತಲೆ ಕೆಟ್ಟಿದೆ ಎಂದು ಸುಮ್ಮನಾಗಬಹುದಿತ್ತು. ಇವರ ತಲೆ ನೆಟ್ಟಗಿತ್ತು. ಬೇಕಿದ್ದದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ನೆಟ್ಟಗಿತ್ತು. ಹಾನುಬಾಳಿನಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಮೂವತ್ತು ಮನೆ, ಒಂದು ಶಾಲೆ, ಮತ್ತು ತಾವು ಹೇಳಿದ್ದೇ ಸರಿ ಎನ್ನುವ ನೂರಿಪ್ಪತ್ತು ಜನ ಇದ್ದರು. ಆ ನೂರಿಪ್ಪತ್ತರಲ್ಲಿ ಮೊದಲನೇ ನಂಬರು ಬೆಟ್ಟಮ್ಮನದು.

ಬೆಟ್ಟಮ್ಮನಿಗೆ ಐವತ್ತು ವರ್ಷ. ಮನೆಗೆ ಎರಡೆಕರೆ ಕಾಫಿ ತೋಟವಿತ್ತು. ಅಲ್ಲಿಯ ಕೆಲಸ ಮುಗಿದ ಮೇಲೆ ಊರ ಹೆಂಗಸರನ್ನು ಕಟ್ಟಿಕೊಂಡು ಪಕ್ಕದ ಎಸ್ಟೇಟಿಗೆ ಹಣ್ಣು ಕುಯ್ಯಲು ಹೋಗುವುದು, ಯಾವ ಸಾಲಿಗೆ ಯಾರು ಎಂದು ಹೇಳುವುದು, ಸೋಮಾರಿಗಳನ್ನು ಬೈಯುವುದು, ಇದೆಲ್ಲ ಅವಳ ಯಜಮಾನಿಕೆ. ಬೈಯುವ ಕೆಲಸ ಅವಳಿಗೆ ಒಗ್ಗಿತ್ತು. ತೋಟದಲ್ಲಿ ಅವಳ ಮುಂದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿಮೋನ್ ಕೂಡ ಸ್ವಲ್ಪ ದೂರ ನಿಂತೇ ಮಾತಾಡುತ್ತಿದ್ದರು.

ಆದರೆ ಮನೆಗೆ ಬಂದಳೋ, ಮುಗಿಯಿತು. ಅವಳ ಗಂಡ ಕೃಷ್ಣಪ್ಪ ಕೆಟ್ಟವನಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಅವನದು ಒಂದೇ ಒಂದು ಚಟ: ಕೂಗುವುದು. ಜಗಲಿಯ ಮೇಲೆ ಕೂತರೆ ಸಾಕು, "ಬೆಟ್ಟೀ!" ಎಂದು ಶುರು. ಬೆಟ್ಟೀ, ನೀರು ಕಾಯ್ತಾ? ಬೆಟ್ಟೀ, ಕೋಳಿ ಮುಚ್ಚಿದ್ಯಾ? ಬೆಟ್ಟೀ, ನನ್ ಟವಲ್ ಎಲ್ಲೈತೆ? ಟವಲು ಅವನ ಹೆಗಲ ಮೇಲೇ ಇರುತ್ತಿತ್ತು. ಅದನ್ನು ಹೇಳುವುದಕ್ಕೆ ಅವಳು ಒಲೆ ಬಿಟ್ಟು ಎದ್ದು ಬರಬೇಕಿತ್ತು, ಏಕೆಂದರೆ ಒಳಗಿಂದ ಹೇಳಿದರೆ ಅವನು ನಂಬುತ್ತಿರಲಿಲ್ಲ. ಮೂವತ್ತೊಂದು ವರ್ಷ ಹೀಗೆ ಎದ್ದು ಕೂತು, ಕೂತು ಎದ್ದು ಅವಳ ಮಂಡಿ ಸವೆದುಹೋಗಿತ್ತು.

ಅಂಥವಳು ಅಕ್ಷರ ಕಲಿಯಲು ಹೋದಳು ಅಂದರೆ ಅದಕ್ಕೆ ವಿದ್ಯೆಯ ಮೇಲಿನ ಪ್ರೀತಿ ಕಾರಣವಲ್ಲ. ಊರಿನಲ್ಲಿ ಸಾಕ್ಷರತಾ ಕೇಂದ್ರ ತೆರೆದಿದ್ದರು. ಪಾಠ ಹೇಳಿಕೊಡುವವಳು ರೈಟರ್ ಸಿಮೋನರ ಮಗಳು ಜೋವಿಟಾ, ಪಿಯುಸಿ ಮುಗಿಸಿದ ಇಪ್ಪತ್ತೆರಡರ ಹುಡುಗಿ. ಅವಳು ಮನೆಬಾಗಿಲಿಗೆ ಮೂರು ಸಲ ಬಂದು ಕರೆದಳು. ಮೂರನೇ ಸಲವೂ ಇಲ್ಲ ಅನ್ನಲು ನಾಚಿಕೆಯಾಗಿ ಬೆಟ್ಟಮ್ಮ ಹೋದಳು. ಸಂಜೆ ಆರರಿಂದ ಎಂಟು, ಊರಾಚೆ ಹಳ್ಳದ ಆ ದಂಡೆಯ ಶಾಲೆಯಲ್ಲಿ. ಮೊದಲ ದಿನ ಚಾಪೆಯ ಮೇಲೆ ಕೂತವಳು ಅರ್ಧ ಗಂಟೆಯಾದ ಮೇಲೆ ಒಂದು ಸಂಗತಿ ಗಮನಿಸಿದಳು. ಯಾರೂ ಕೂಗುತ್ತಿರಲಿಲ್ಲ. ಕೃಷ್ಣಪ್ಪ ಕೂಗುತ್ತಿದ್ದನೋ ಏನೋ, ಹಳ್ಳ ದಾಟಿ ಅವನ ದನಿ ಬರುತ್ತಿರಲಿಲ್ಲ. ಆ ಸುಖಕ್ಕೆ ಅವಳು ಗೋಡೆಗೆ ಒರಗಿ ಗೊರಕೆ ಹೊಡೆದಳು. ಮಾರನೆಯ ದಿನ ಎಲ್ಲರಿಗಿಂತ ಮೊದಲೇ ಬಂದು ಕೂತಳು.

ಎಂಟು ತಿಂಗಳು ಕಳೆಯಿತು. ಅಷ್ಟು ದಿನ ಸುಮ್ಮನೆ ಕೂತರೆ ಕಲ್ಲಿಗೂ ಅಕ್ಷರ ಹತ್ತೀತು, ಬೆಟ್ಟಮ್ಮ ಕಲ್ಲಲ್ಲ. ಹನ್ನೆರಡು ಜನ ಹೆಂಗಸರೂ ಓದುವುದು ಬರೆಯುವುದು ಕೂಡುವುದು ಕಳೆಯುವುದು ಕಲಿತರು. ಊರಿನ ಗಂಡಸರೂ ಕಲಿತರು, ಅನ್ನಕ್ಕೆ ನೀರೆಷ್ಟು ಅನ್ನುವುದನ್ನು. ಮೊದಲ ವಾರ ಗಂಜಿ ಉಂಡು, ಎರಡನೇ ವಾರ ಸೀದದ್ದು ಉಂಡು, ಕೃಷ್ಣಪ್ಪ ಮೂರನೇ ವಾರಕ್ಕೆ ಒಲೆ ಹಚ್ಚುವುದರಲ್ಲಿ ಪಳಗಿದ. ಉಪ್ಪಿನ ಮರಿಗೆ ಎಲ್ಲಿದೆ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅದೂ ತಾನಾಗಿ ಸಿಕ್ಕಿತು.

ಹೀಗಿರುವಾಗ ಒಂದು ಸಂಜೆ ಜೋವಿಟಾ ಕುಣಿಯುತ್ತ ಬಂದಳು. "ಎಲ್ಲರಿಗೂ ಪರೀಕ್ಷೆ ಉಂಟು. ನೂರಕ್ಕೆ ಎಪ್ಪತ್ತು ಬಂದವರು ಪಾಸು. ಹನ್ನೆರಡರಲ್ಲಿ ಹತ್ತು ಜನ ಪಾಸಾದರೆ ನಮ್ಮ ಕೇಂದ್ರ ಪೂರ್ತಿ ಗೆದ್ದ ಹಾಗೆ. ಆಗ ಇಲ್ಲಿಯದು ಮುಚ್ಚಿ, ಲಾಟೀನು ಹಲಗೆ ಎಲ್ಲ ಬೇರೆ ಊರಿಗೆ ಕೊಡ್ತಾರೆ!"

ಅವಳು ಚಪ್ಪಾಳೆಗೆ ಕಾದಳು. ಹನ್ನೆರಡು ಹೆಂಗಸರು ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದ ಹಾಗೆ ಕೂತಿದ್ದರು.

"ಮುಚ್ಚೋದು ಅಂದ್ರೆ?" ಎಂದಳು ಬೆಟ್ಟಮ್ಮ.

"ಮತ್ತೆ ನೀವು ಬರಬೇಕಂತಿಲ್ಲ ಬೆಟ್ಟಮ್ಮನವರೇ. ಸಂಜೆ ಆರಾಮಾಗಿ ಮನೆಯಲ್ಲೇ ಇರಬಹುದು."

ಆರಾಮಂತೆ, ಮನೆಯಲ್ಲಂತೆ! ಮದುವೆಯಾಗದ ಹುಡುಗಿಗೆ ಏನು ಹೇಳಿ ಅರ್ಥ ಮಾಡಿಸುವುದು.

ಮಾರನೆಯ ದಿನ ಎಸ್ಟೇಟಿನಲ್ಲಿ, ಸಿಮೋನ್ ಸ್ಟೋರಿನ ಕಡೆ ಹೋದದ್ದು ನೋಡಿಕೊಂಡು, ಬೆಟ್ಟಮ್ಮ ಎಲ್ಲರನ್ನೂ ಒಂದು ಗಿಡದ ಸುತ್ತ ಸೇರಿಸಿದಳು. ಕಾಫಿ ಕುಯ್ಲಿನಲ್ಲಿ ಒಂದು ನಿಯಮವಿದೆ. ಮೊದಲ ಸುತ್ತಿನಲ್ಲಿ ಕೆಂಪಗಾದ ಹಣ್ಣನ್ನಷ್ಟೇ ಬಿಡಿಸಬೇಕು, ಹಸಿರು ಕಾಯಿಯನ್ನು ಗಿಡದಲ್ಲೇ ಬಿಡಬೇಕು. ಹದಿನೈದು ದಿನ ಬಿಟ್ಟು ಅದಕ್ಕೆ ಇನ್ನೊಂದು ಸುತ್ತು, ಆಮೇಲೆ ಮತ್ತೊಂದು. ಬೆಟ್ಟಮ್ಮ ಒಂದು ರೆಂಬೆ ಬಗ್ಗಿಸಿ ಹಿಡಿದು ಅದನ್ನೇ ಪಾಠ ಮಾಡಿದಳು.

"ನೋಡ್ರವ್ವ. ಒಂದೇ ಸಲಕ್ಕೆ ಗಿಡ ಬೋಳಿಸ್ಬುಟ್ರೆ ಮುಂದಿನ ಸುತ್ತಿಗೆ ನಮ್ಮನ್ನ ಯಾರು ಕರೀತಾರೆ? ಪರೀಕ್ಷೇನೂ ಹಂಗೇಯ. ಹನ್ನೆರಡೂ ಜನ ಹಣ್ಣಾಗ್ಬುಟ್ರೆ ಕ್ಲಾಸು ಕತೆ ಮುಗೀತು. ಮೂರ್ ಜನ ಹಸಿರಾಗೇ ಉಳೀಬೇಕು. ಆಗ ಇನ್ನೊಂದ್ ಸುತ್ತು ಬಂದೇ ಬತ್ತದೆ."

ಎಂಥ ತಲೆ ಎಂದು ಎಲ್ಲರೂ ಹೊಗಳಿದರು. ಆಮೇಲೆ ಆ ಮೂರು ಜನ ಯಾರು ಎಂಬ ಪ್ರಶ್ನೆ ಬಂತು. ಎಲ್ಲರೂ ಗಿಡ ನೋಡತೊಡಗಿದರು. ಕೇಂದ್ರ ಉಳಿಯಬೇಕು ಎನ್ನುವುದರಲ್ಲಿ ಎರಡು ಮಾತಿರಲಿಲ್ಲ; ಅದಕ್ಕಾಗಿ ಪಕ್ಕದವಳು ಫೇಲಾಗಲಿ ಎನ್ನುವುದರಲ್ಲೂ ಇರಲಿಲ್ಲ. ಮೀನಾಕ್ಷಮ್ಮ ಎಂಬುವಳು, ತನ್ನ ಬೀಗರ ಕಡೆಯವರು ಬಾಯಿಬಡುಕರು, ಯಸಳೂರಿನ ತನಕ ಸುದ್ದಿ ಹಬ್ಬಿಸುತ್ತಾರೆ ಎಂದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಹಿಂದುಳಿದ ಭದ್ರಮ್ಮನ ಕಡೆ ಎಲ್ಲರ ಕಣ್ಣೂ ಹೋಯಿತು.

"ನನ್ಯಾಕ್ರೇ ನೋಡೀರಿ?" ಭದ್ರಮ್ಮ ಕೆಂಡವಾದಳು. "ನಾನ್ ಫೇಲಾಯ್ತೀನಿ ಅಂತ ಎಲ್ಲಾರ್ಗೂ ಗೊತ್ತೇ ಐತೆ. ಅದುಕ್ಕೇ ಆಗಾಕಿಲ್ಲ!"

ಕೊನೆಗೆ ಚೀಟಿ ಎತ್ತುವುದೆಂದಾಯಿತು. ಕಾಗದ ಇರಲಿಲ್ಲ. ಒಂಬತ್ತು ಕೆಂಪು ಹಣ್ಣು, ಮೂರು ಹಸಿರು ಕಾಯಿ ಬುಟ್ಟಿಗೆ ಹಾಕಿ, ಮೇಲೆ ಸೆರಗು ಮುಚ್ಚಿ, ಒಬ್ಬೊಬ್ಬರಾಗಿ ಕೈ ಹಾಕಿದರು. ಮೀನಾಕ್ಷಮ್ಮನಿಗೆ ಹಸಿರು ಬಂತು. ಭದ್ರಮ್ಮನಿಗೆ ಹಸಿರು ಬಂತು. ಮೂರನೆಯದು ಬೆಟ್ಟಮ್ಮನ ಅಂಗೈಯಲ್ಲಿ ಕೂತಿತ್ತು.

ಬೆಟ್ಟಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಲ್ನೋಡ್ರಿ, ತೊಟ್ಟಿನ ತಾವ ಒಸಿ ಕೆಂಪೈತೆ. ಇದು ಅರೆ ಹಣ್ಣು."

"ಹಸಿರು ಕಣತ್ತೆ," ಎಂದಳು ಮಧುಶ್ರೀ. ಇವಳು ಎಲ್ಲರಿಗಿಂತ ಚಿಕ್ಕವಳು, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಈಗ ಬೆಟ್ಟಮ್ಮನ ಓರಗಿತ್ತಿಯ ಸೊಸೆಯಾಗಿದ್ದವಳು. "ನೀವೇ ತಾನೆ ಇಂಥದ್ ಕುಯ್ದ್ರೆ ನಮ್ಗೆ ಬಯ್ಯೋರು?"

ಆ ನಿಯಮ ಹೇಳಿದವಳು ತಾನೇ ಆದ್ದರಿಂದ ಬೆಟ್ಟಮ್ಮ ಕಾಯಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಆಗಲಿ, ಒಂದು ದಿನ ದಡ್ಡಿಯಾದರೆ ದಿನಾ ಎರಡು ಗಂಟೆ ಉಳಿಯುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಅಷ್ಟಾಗಿ ಒಪ್ಪಲಿಲ್ಲ.

ಪರೀಕ್ಷೆ ಭಾನುವಾರ ಬೆಳಿಗ್ಗೆ. ಪರೀಕ್ಷೆ ಮಾಡಲು ಬಂದವರು ಆಲೂರು ಕಡೆಯ ಮಗ್ಗೆಯ ಮಹಾದೇವಯ್ಯ, ರಿಟೈರಾದ ಮೇಷ್ಟ್ರು. ಬಹಳ ಒಳ್ಳೆಯ ಮನುಷ್ಯ. ಮುಂದೆ ಆದ ಅನಾಹುತಕ್ಕೆಲ್ಲ ಅವರ ಒಳ್ಳೆಯತನವೇ ಕಾರಣ ಎಂದು ನಾನಂತೂ ಹೇಳುತ್ತೇನೆ.

ಬೇಕೆಂದೇ ತಪ್ಪು ಬರೆಯುವುದು ಎಷ್ಟು ಕಷ್ಟ ಎಂದು ಬೆಟ್ಟಮ್ಮನಿಗೆ ಆವತ್ತು ತಿಳಿಯಿತು. ಮೊದಲ ಪ್ರಶ್ನೆ, ನಿಮ್ಮ ಹೆಸರು ಬರೆಯಿರಿ. ಸ್ವಂತ ಹೆಸರನ್ನು ತಪ್ಪಾಗಿ ಬರೆಯಲು ಕೈ ಬರಲಿಲ್ಲ. ಹೋಗಲಿ, ಇದೊಂದು ಸರಿಯಿರಲಿ ಎಂದು ಬರೆದಳು. ಇಪ್ಪತ್ತನಾಲ್ಕಕ್ಕೆ ಹದಿನೆಂಟು ಕೂಡಿಸಿ ಎಂದಿತ್ತು. ನಲವತ್ತೆರಡು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಏಳು ಎಂದು ಬರೆದಳು. ಆ ಏಳನ್ನು ನೋಡಲಾರದೆ ಅದರ ಮೇಲೆ ಎಡಗೈ ಇಟ್ಟು ಮುಚ್ಚಿಕೊಂಡು ಮುಂದಿನ ಲೆಕ್ಕವನ್ನೂ ತಪ್ಪು ಮಾಡಿದಳು. ಹೀಗೆ ಬೆವರು ಸುರಿಸುತ್ತ ಅರ್ಧ ಪತ್ರಿಕೆಯನ್ನು ಹಾಳು ಮಾಡುವುದರಲ್ಲಿ ಅವಳು ಗೆದ್ದಿದ್ದಳು.

ಅಷ್ಟರಲ್ಲಿ ಕಿಟಕಿ ಕತ್ತಲಾಯಿತು. ಊರ ಗಂಡಸರು ಹೋರಿ ನೋಡಲು ಬಂದವರಂತೆ ಸರಳಿಗೆ ಮುಖ ಒತ್ತಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಕೃಷ್ಣಪ್ಪ. ಅವನು ನಾಲ್ಕನೇ ಕ್ಲಾಸು ಓದಿದವನು, ಅದನ್ನು ಮರೆಯಲು ಯಾರಿಗೂ ಬಿಟ್ಟವನಲ್ಲ. ಕತ್ತು ಚಾಚಿ, ಹೆಂಡತಿಯ ಕೈಬೆರಳ ಸಂದಿಯಿಂದ ಆ ಏಳನ್ನು ಕಂಡ.

"ಇಪ್ಪತ್ನಾಕು ಹದ್ನೆಂಟು ಕೂಡುದ್ರೆ ಏಳಂತೆ ಕಣ್ರೋ!" ಎಂದು ಕೂಗಿದ. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೆಟ್ಟಮ್ಮ ಹಲ್ಲು ಕಚ್ಚಿಕೊಂಡಳು. ನಗಲಿ, ಎಂಟು ತಿಂಗಳು ಅಡುಗೆ ಮಾಡಿದ ಸಿಟ್ಟು ಅವರಿಗೂ ಇರುತ್ತದೆ. ಅದನ್ನು ಅವಳು ಸಹಿಸಿಯೇ ಬಿಡುತ್ತಿದ್ದಳು. ಆದರೆ ಮಹಾದೇವಯ್ಯ ಗಂಡಸರನ್ನು ಗದರಿಸಿ ಓಡಿಸಿ, ಅವಳ ಹತ್ತಿರ ಬಂದು, ಕರುಣೆಯಿಂದ ಬಗ್ಗಿ ಹೇಳಿದರು: "ಅವರ ಮಾತಿಗೆ ಬೇಜಾರು ಮಾಡ್ಕೋಬೇಡಮ್ಮ. ಈ ವಯಸ್ಸಲ್ಲಿ ಹೆಸರು ಬರೆಯೋದಾದರೂ ಬಂತಲ್ಲ. ಒಲೆ ಮುಂದೆ ಕೂತ ತಲೆಗೆ ಲೆಕ್ಕ ಹತ್ತೋದು ಕಷ್ಟ."

ಬೆಟ್ಟಮ್ಮ ತಲೆಯೆತ್ತಿ ನೋಡಿದಳು. "ಮೇಷ್ಟ್ರೇ, ರಬ್ಬರ್ ಕೊಡಿ," ಎಂದಳು.

ಆಮೇಲೆ ಆದದ್ದಕ್ಕೆ ಅವಳು ಜವಾಬ್ದಾರಳಲ್ಲ. ಕಾಗದ ಹರಿಯುವ ಹಾಗೆ ಏಳನ್ನು ಉಜ್ಜಿ ನಲವತ್ತೆರಡು ಬರೆದಳು. ಹಾಳು ಮಾಡಿದ್ದನ್ನೆಲ್ಲ ಸರಿ ಮಾಡಿದಳು. ಉಕ್ತಲೇಖನದಲ್ಲಿ ಮಹಾದೇವಯ್ಯ ಹೇಳುವುದಕ್ಕಿಂತ ಮೊದಲೇ ಬರೆದು, ಮುಂದಿನದು ಹೇಳಿ ಎಂದು ಅವರ ಮುಖ ನೋಡಿದಳು. ಪತ್ರಿಕೆ ಕೊಟ್ಟು ಹೊರಬಂದು ಗಾಳಿ ತಾಗಿದ ಮೇಲೆ, ಹನ್ನೆರಡರಲ್ಲಿ ಎರಡು ಕಳೆದರೆ ಹತ್ತು ಎಂಬ ಲೆಕ್ಕ ಅವಳಿಗೆ ನೆನಪಾಯಿತು. ಹತ್ತು ಪಾಸಾದರೆ ಬಾಗಿಲು ಮುಚ್ಚುತ್ತಾರೆ. ಹನ್ನೊಂದು ಜನರ ಸಂಜೆಯನ್ನು ತನ್ನ ಸೊಕ್ಕಿಗೆ ಬಲಿ ಕೊಟ್ಟೆನಲ್ಲ ಎಂದು ಅವಳಿಗೆ ಅಳು ಬಂತು. ಹತ್ತು ದಿನ ತೋಟದಲ್ಲಿ ಯಾರನ್ನೂ ಬೈಯಲಿಲ್ಲ. ಅವಳಿಗೆ ಮೈ ಸರಿಯಿಲ್ಲವೇ ಎಂದು ಸಿಮೋನ್ ಕೇಳಿ ಕಳಿಸಿದರು.

ಹನ್ನೊಂದನೇ ದಿನ ಜೋವಿಟಾ ಫಲಿತಾಂಶ ಹಿಡಿದುಕೊಂಡು ಬಂದಳು. ಅವಳ ಕಣ್ಣು ಅತ್ತು ಕೆಂಪಗಾಗಿದ್ದವು. "ಮೂರೇ ಜನ ಪಾಸು! ಒಂಬತ್ತು ಜನ ಫೇಲು! ಮಧುಶ್ರೀ, ಸಕಲೇಶಪುರದ ತನಕ ಬಸ್ಸಿನಲ್ಲಿ ಕೂತು ದಾರಿಯ ಬೋರ್ಡೆಲ್ಲ ಗಟ್ಟಿಯಾಗಿ ಓದ್ತೀಯಲ್ಲ, ನಿನಗೆ ಎಷ್ಟು ಬಂತು ಗೊತ್ತುಂಟಾ? ಒಂಬತ್ತು! ನೂರಕ್ಕೆ!"

ಮಧುಶ್ರೀ ನೆಲ ನೋಡುತ್ತ ಬಾಯಿ ಬಿಟ್ಟಳು. "ಬೆಟ್ಟತ್ತೆ ಫೇಲಾಗಾಕಿಲ್ಲ ಅಂತ ನಂಗ್ ಗೊತ್ತಿತ್ತು ಮೇಡಂ. ಚೌಕಾಬಾರದಾಗೂ ಸೋಲೋರಲ್ಲ ಅವ್ರು. ಅದುಕ್ಕೇ ಇರ್ಲಿ ಅಂತ ನಾನೇ ಫೇಲಾದೆ."

"ಅಯ್ಯೋ, ನಾನೂ ಹಂಗೇ ಅನ್ಕಂಡೆ ಕಣೇ!" ಎಂದಳು ಇನ್ನೊಬ್ಬಳು. ನಾನೂ, ನಾನೂ ಎಂದು ಇನ್ನೂ ಏಳು ದನಿ ಎದ್ದವು. ಕೆಂಪು ಹಣ್ಣು ಸಿಕ್ಕಿದ ಒಂಬತ್ತು ಜನರೂ ಒಬ್ಬರಿಗೊಬ್ಬರು ಹೇಳದೆ, ಬೆಟ್ಟಮ್ಮನನ್ನು ನಂಬದೆ, ತಾವು ತಾವೇ ಹಸಿರಾಗಿಬಿಟ್ಟಿದ್ದರು.

ಹಸಿರು ಎತ್ತಿದ ಮೂವರು ಪಾಸಾಗಿದ್ದರು. ಮೀನಾಕ್ಷಮ್ಮ ಬೀಗರ ಮುಖ ನೆನೆಸಿಕೊಂಡು ಸರಿ ಬರೆದಿದ್ದಳಂತೆ. ಭದ್ರಮ್ಮನ ಕತೆ ಬೇರೆ. ಅವಳು ಕೊಟ್ಟ ಮಾತಿಗೆ ತಪ್ಪಿದವಳೇ ಅಲ್ಲ. ಪ್ರತಿ ಪ್ರಶ್ನೆಗೂ ತನಗೆ ಸರಿ ಅನಿಸಿದ್ದನ್ನು ಬಿಟ್ಟು, ತಪ್ಪು ಅನಿಸಿದ್ದನ್ನು ನಿಯತ್ತಾಗಿ ಬರೆದಿದ್ದಳು. ಎಪ್ಪತ್ತನಾಲ್ಕು ಬಂದಿತ್ತು. ಇಷ್ಟು ವರ್ಷ ತನಗೆ ತಿಳಿದದ್ದೆಲ್ಲ ತಿರುವುಮುರುವು ಎಂದು ಗೊತ್ತಾಗಿ ಆ ಹೆಂಗಸು ಎರಡು ದಿನ ಊಟ ಬಿಟ್ಟಳು.

ಬೆಟ್ಟಮ್ಮನಿಗೆ ತೊಂಬತ್ತೆಂಟು. ಅದಕ್ಕಿಂತ ಹೆಚ್ಚಾಗಿ, ಕ್ಲಾಸು ಉಳಿಯಿತಲ್ಲ ಎಂದು ಅವಳು ಹಿಗ್ಗಿ ಹೀರೇಕಾಯಿಯಾದಳು. ಮಧುಶ್ರೀಯ ಕೆನ್ನೆ ಹಿಂಡಿ, "ನಮ್ಮವ್ವ, ಚಿನ್ನದಂಗೆ ಫೇಲಾಗಿದ್ಯ ಕಣೇ!" ಎಂದು ಮುದ್ದಾಡಿದಳು. ಆಗ ಜೋವಿಟಾ ಹಾಜರಿ ಪುಸ್ತಕ ತೆಗೆದು, ಸ್ಕೇಲು ಇಟ್ಟು, ಮೂರು ಹೆಸರಿನ ಮೇಲೆ ಗೀಟು ಎಳೆದಳು.

"ಅದ್ಯಾಕವ್ವ?"

"ಪಾಸಾದವರು ಬರುವ ಹಾಗಿಲ್ಲ ಬೆಟ್ಟಮ್ಮನವರೇ. ಜಾಗ ಇರುವುದು ಹನ್ನೆರಡು. ಮೇಲಿನ ಕೇರಿಯಿಂದ ಹೊಸದಾಗಿ ಮೂರು ಜನ ಬರ್ತಾರೆ," ಎಂದಳು ಜೋವಿಟಾ. ಆಮೇಲೆ ಮೂಗು ಒರೆಸಿಕೊಂಡು, "ನೀವು ಗೆದ್ರಲ್ಲ," ಎಂದು ಸೇರಿಸಿದಳು.

ಆವತ್ತು ಸಂಜೆ ಆರಕ್ಕೆ ಬೆಟ್ಟಮ್ಮ ಮನೆಯಲ್ಲಿದ್ದಳು. ಕೃಷ್ಣಪ್ಪನಿಗೆ ಎರಡೆರಡು ಹಬ್ಬ. ಹೆಂಡತಿಗೆ ತೊಂಬತ್ತೆಂಟು ಎಂದು ಹಾನುಬಾಳಿನ ಅಂಗಡಿ ಅಂಗಡಿಯಲ್ಲೂ ಹೇಳಿ ಬಂದಿದ್ದ. ಹೇಳಿ ಬಂದವನು ಜಗಲಿಯ ಮೇಲೆ ಕಾಲು ಚಾಚಿ ಕೂತ. "ಬೆಟ್ಟೀ!" ಎಂದ. ಎಂಟು ತಿಂಗಳಿಂದ ಕಟ್ಟಿಟ್ಟಿದ್ದ ಕೂಗೆಲ್ಲ ಒಟ್ಟಿಗೆ ಬಂತು. ನೀರು ಕಾಯ್ತಾ, ಕೋಳಿ ಮುಚ್ಚಿದ್ಯಾ, ಟವಲ್ ಎಲ್ಲಿ, ಯಾಕೋ ಸೊಳ್ಳೆ ಐತೆ ನೋಡು ಬಾ. ಸೊಳ್ಳೆಯನ್ನು ಅವಳು ಬಂದು ನೋಡಿ ಏನು ಮಾಡಬೇಕಿತ್ತೋ. ಬೆಟ್ಟಮ್ಮ ಕಲಿತ ವಿದ್ಯೆ ಬಿಡಲಿಲ್ಲ. ಪ್ರತಿ ಕೂಗಿಗೂ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಹಾಕಿದಳು. ಎಂಟು ಗಂಟೆಗೆ ಎಣಿಸಿದಾಗ ಮೂವತ್ತನಾಲ್ಕು ಇದ್ದವು. ಮಾರನೆಯ ದಿನ ಮೂವತ್ತೇಳು.

ನಾಲ್ಕನೇ ದಿನ ಮಧ್ಯಾಹ್ನ ಅವಳು ಗೆರೆ ಹಾಳೆ ತೆಗೆದು ಕೂತು ಜೀವಮಾನದ ಮೊದಲ ಅರ್ಜಿ ಬರೆದಳು. ಅರ್ಜಿ ಬರೆಯುವ ಕ್ರಮವನ್ನು ಜೋವಿಟಾ ಚೆನ್ನಾಗಿ ಹೇಳಿಕೊಟ್ಟಿದ್ದಳು. ಬರೆದು, ಹಾನುಬಾಳಿಗೆ ನಡೆದು, ಅಂಚೆ ಡಬ್ಬಿಗೆ ತಾನೇ ಹಾಕಿ, ಬಿದ್ದಿತೋ ಇಲ್ಲವೋ ಎಂದು ಡಬ್ಬಿಯನ್ನು ಎರಡು ಸಲ ತಟ್ಟಿ ಬಂದಳು.

ಮುಂದಿನ ಭಾನುವಾರವಲ್ಲದೆ ಅದರಾಚೆ ಭಾನುವಾರ, ಮಧ್ಯಾಹ್ನದ ಬಸ್ಸಿಗೆ ಮಹಾದೇವಯ್ಯ ಬಂದರು. ಕೃಷ್ಣಪ್ಪ ಜಗಲಿಯಿಂದ ಎದ್ದು ಕೈ ಮುಗಿದ. ಹೆಂಡತಿಗೆ ಬಹುಮಾನವೇ ಬಂತು ಎಂದು ಅವನ ಲೆಕ್ಕ. ಮೇಷ್ಟ್ರು ಜೇಬಿನಿಂದ ಹಾಳೆ ತೆಗೆದು ಅವನ ಕೈಗೆ ಕೊಟ್ಟರು.

"ನನ್ನ ಕನ್ನಡಕ ಊರಲ್ಲೇ ಬಿಟ್ಟು ಬಂದೆ. ನೀವು ಓದಿದೋರಂತಲ್ಲ, ಗಟ್ಟಿಯಾಗಿ ಓದಿ," ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಕೃಷ್ಣಪ್ಪ ಓದಿನ ಗತ್ತಿನಲ್ಲಿ ಅದನ್ನು ಗಮನಿಸಲಿಲ್ಲ. ಬೆಟ್ಟಮ್ಮ ಬಾಗಿಲ ಸಂದಿಯಲ್ಲಿ ನಿಂತು, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು. ಅವನು ಒಂದೊಂದೇ ಅಕ್ಷರ ಎತ್ತಿ ಇಡುತ್ತ ಓದಿದ:

"ಇವರಿಂದ, ಬೆಟ್ಟಮ್ಮ ಕೋಂ ಕೃಷ್ಣಪ್ಪ, ಬಾಳೆಕೊಪ್ಪಲು. ಇವರಿಗೆ, ಮಾನ್ಯ ಮಹಾದೇವಯ್ಯ ಮೇಷ್ಟ್ರು, ಮಗ್ಗೆ. ವಿಷಯ: ನನ್ನನ್ನು ಫೇಲು ಮಾಡುವ ಬಗ್ಗೆ. ಮಾನ್ಯರೇ, ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಬರೆದುಕೊಳ್ಳುವುದೇನೆಂದರೆ, ನನಗೆ ಬರೆಯಲು ಬರುವುದಿಲ್ಲ. ಓದಲೂ ಬರುವುದಿಲ್ಲ. ತಾವು ಉತ್ತರ ಬರೆದರೆ ಅದನ್ನು ನಾನು ಓದಲಾರೆ, ಆದರೂ ಬೇಗ ಬರೆಯಬೇಕು. ಪರೀಕ್ಷೆಯಲ್ಲಿ ನನಗೆ ತೊಂಬತ್ತೆಂಟು ಬಂದದ್ದು ತಮ್ಮ ಮೇಲಿನ ಸಿಟ್ಟಿನಿಂದ. ಅದರಲ್ಲಿ ಇಪ್ಪತ್ತೊಂಬತ್ತು ಕಳೆದರೆ ಅರವತ್ತೊಂಬತ್ತು ಉಳಿಯುತ್ತದೆ, ಅಷ್ಟು ಸಾಕು."

ಕೃಷ್ಣಪ್ಪ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮುಂದೆ ಓದಿ ಎಂದು ಕೈಸನ್ನೆ ಮಾಡಿದರು.

"ಕಾರಣ ಏನೆಂದರೆ, ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ನಮ್ಮ ಯಜಮಾನರು ಒಳ್ಳೆಯವರು. ಆದರೆ ದಿನಕ್ಕೆ ಎಷ್ಟು ಸಲ ಕೂಗುತ್ತಾರೆ ಎಂದು ಅವರಿಗೆ ಗೊತ್ತಿಲ್ಲ. ನಾನು ಬರೆದಿಟ್ಟಿದ್ದೇನೆ. ಕ್ಲಾಸಿನಲ್ಲೂ ನನ್ನ ಹೆಸರು ಕೂಗುತ್ತಿದ್ದರು, ಹಾಜರಿಗೆ. ಅಲ್ಲಿ ಬೆಟ್ಟಮ್ಮ ಅಂದರೆ ಹಾಜರ್ ಅಂತ ಹೇಳಿ ಕೂತೇ ಇರಬಹುದು. ಹೆಸರು ಕೂಗಿದರೂ ಏಳದೆ ಕೂತಿರುವುದು ಪ್ರಪಂಚದಲ್ಲಿ ನನಗೆ ಅದೊಂದೇ ಜಾಗ. ದಯಮಾಡಿ ಫೇಲು ಮಾಡಬೇಕು. ಇಂತಿ ತಮ್ಮ ವಿಧೇಯಳು."

ಕೃಷ್ಣಪ್ಪ ಓದಿ ಮುಗಿಸಿದ. ಓದುವ ಭರದಲ್ಲಿ ಅರ್ಥ ಹಿಂದೆ ಉಳಿದಿತ್ತು. ಅದು ನಿಧಾನಕ್ಕೆ ಬಂದು ಸೇರಿದಂತೆ ಅವನ ಮುಖ ಬಾಡಿತು. "ಅಲ್ಲಾ ಮೇಷ್ಟ್ರೇ, ನಾನೇನ್ ಅಷ್ಟೊಂದ್ ಕೂಗ್ತೀನಾ?" ಎಂದ. ಮೇಷ್ಟ್ರು ತಮಗೇನು ಗೊತ್ತು ಎಂಬಂತೆ ತೋಟದ ಕಡೆ ನೋಡಿದರು. ಕೃಷ್ಣಪ್ಪ ಎದ್ದು ಒಳಗೆ ಹೋಗಿ, ಒಲೆಯ ಪಕ್ಕದ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಗೀಟು ಎಣಿಸುವ ದನಿ ಮೊದಮೊದಲು ಕೇಳಿಸುತ್ತಿತ್ತು, ಆಮೇಲೆ ಕೇಳಿಸಲಿಲ್ಲ.

ಮಹಾದೇವಯ್ಯ ಬೆಟ್ಟಮ್ಮನ ಕಡೆ ತಿರುಗಿದರು. "ನನ್ನಿಂದ ತಪ್ಪಾಯ್ತಮ್ಮ, ಆವತ್ತು ಹಂಗೆ ಅನ್ನಬಾರದಿತ್ತು. ಆದರೆ ಫೇಲು ಮಾಡೋಕೆ ಆಗಲ್ಲ. ಈ ಅರ್ಜಿ ನೋಡಿದ ಮೇಲೆ ಇನ್ನೆರಡು ಕೊಟ್ಟು ನೂರು ಮಾಡಬೇಕು ಅನ್ನಿಸ್ತಿದೆ." ದನಿ ತಗ್ಗಿಸಿದರು. "ಇದನ್ನ ಮನೇಲಿ ನಮ್ಮಾಕೆಗೆ ಓದಿ ಹೇಳಿದೆ. ನಕ್ಕಳು. ಆಮೇಲೆ ಒಂದು ವಾರದಿಂದ ಸ್ನಾನಕ್ಕೆ ನೀರು ನಾನೇ ಕಾಯಿಸ್ಕೋತಾ ಇದ್ದೀನಿ."

ಬಂದ ದಾರಿಗೆ ಸುಂಕವಿಲ್ಲ ಎಂದು ಅವರು ಐದರ ಬಸ್ಸು ಹಿಡಿದು ಹೋದರು. ಬೆಟ್ಟಮ್ಮ ಅಂಗಳದಲ್ಲಿ ನಿಂತುಕೊಂಡಳು. ಆರು ಗಂಟೆಯಾಗುತ್ತಿತ್ತು. ಸ್ಲೇಟು ಹಿಡಿದ ಒಂಬತ್ತು ಜನ ಮಾತಾಡಿಕೊಂಡು ಹಳ್ಳದ ಕಡೆ ಹೋಗುವುದು ಕಾಣಿಸಿತು. ಫೇಲಾದವರ ನಡಿಗೆಯಲ್ಲಿ ಎಂಥ ಗತ್ತು ಎಂದು ಅವಳ ಹೊಟ್ಟೆ ಉರಿಯಿತು. ನನ್ನನ್ನು ಫೇಲು ಮಾಡುವವರು ಈ ಜಿಲ್ಲೆಯಲ್ಲೇ ಇಲ್ಲ, ಇನ್ನು ನಾನು ಯಾರ ಅಪ್ಪಣೆಗೆ ಕಾಯಬೇಕು? ಅರ್ಜಿ ಹಾಕಿದ್ದೇ ದಡ್ಡತನ. ಕೂರುವುದಕ್ಕೂ ಯಾರಾದರೂ ಅರ್ಜಿ ಹಾಕುತ್ತಾರಾ ಎಂದು ಅವಳಿಗೆ ತನ್ನ ಮೇಲೇ ರೇಗಿತು.

ಅವಳು ಹಿತ್ತಿಲಿಗೆ ಹೋಗಿ ಚಾಪೆ ಕೊಡವಿ ತಂದು ಜಗಲಿಯ ಮೇಲೆ, ಕೃಷ್ಣಪ್ಪ ಕಾಲು ಚಾಚುವ ಜಾಗದಲ್ಲೇ ಹಾಸಿದಳು. ಮೀನಾಕ್ಷಮ್ಮನಿಗೂ ಭದ್ರಮ್ಮನಿಗೂ ಕೂಗು ಹಾಕಿದಳು. ಕೂಗುವುದೇನು ಗಂಡಸರಿಗೆ ಮಾತ್ರ ಬರುತ್ತದೆಯೇ? ಅವರಿಬ್ಬರೂ ಒಲೆ ಬಿಟ್ಟು ಓಡಿ ಬಂದರು. ಮೂವರೂ ಚಕ್ಕಂಬಕ್ಕಲ ಹಾಕಿ ಕೂತರು.

ಕೃಷ್ಣಪ್ಪ ಬಾಗಿಲಿಗೆ ಬಂದು ನಿಂತ. "ಇದೇನು?"

"ಕ್ಲಾಸು," ಎಂದಳು ಬೆಟ್ಟಮ್ಮ.

"ಪಾಸಾಗ್ಬುಟ್ರಲ್ಲ?"

"ಪಾಸಾದೋರ್ ಕ್ಲಾಸು ಇದು. ಆರ್ರಿಂದ ಎಂಟು."

"ಬುಕ್ಕೇ ಇಲ್ಲ? ಏನ್ ಓದೀರಿ?"

"ಓದದೆಲ್ಲ ಓದಾಗೈತೆ. ಈಗ ಬರೀ ಕೂರದು."

ಕೃಷ್ಣಪ್ಪ ಒಳಗೆ ಹೋದ. ಒಲೆಯ ಮೇಲೆ ಸಾರು ಇತ್ತು, ಉಪ್ಪು ಬಿದ್ದಿರಲಿಲ್ಲ. ಅವನು ಅಡುಗೆಮನೆಯ ನಡುವೆ ನಿಂತು, ಅಭ್ಯಾಸ ಬಲ, ಬಾಯಿ ತೆಗೆದ. ತೆಗೆದದ್ದು ತೆಗೆದಾಗಿತ್ತು, ಹಿಂದೆ ನುಂಗಲು ಆಗಲಿಲ್ಲ. "ಬೆಟ್ಟಮ್ಮಾ!" ಎಂದ. ಮೂವತ್ತೊಂದು ವರ್ಷದಲ್ಲಿ ಅವಳ ಹೆಸರನ್ನು ಅವನು ಪೂರ್ತಿಯಾಗಿ ಕರೆದದ್ದು ಅದೇ ಮೊದಲು.

ಜಗಲಿಯ ಮೇಲೆ ಬೆಟ್ಟಮ್ಮನ ಮಂಡಿ ತಾನಾಗಿ ಏಳಲು ಹೊರಟಿತು. ಅದರ ಮೇಲೆ ಅವಳು ಎರಡೂ ಕೈ ಇಟ್ಟು ಒತ್ತಿ ಕೂರಿಸಿದಳು.

"ಹಾಜರ್," ಎಂದಳು.

ಒಳಗೆ ಉಪ್ಪಿನ ಮರಿಗೆಯ ಮುಚ್ಚಳ ತೆಗೆದದ್ದು ಕೇಳಿಸಿತು. ಭದ್ರಮ್ಮ ಕಾಲು ಚಾಚಿಕೊಂಡು, ನಾಳೆ ಯಾರ ಮನೆಯ ಜಗಲಿಯಲ್ಲಿ ಕ್ಲಾಸ್ ಇಟ್ಟುಕೊಳ್ಳುವುದು ಎಂದು ಕೇಳಿದಳು.